ಗಾನವೃತ್ತಿಯೂ ಜೀವನಚರಿತ್ರೆಯೂ

ಸಂಗೀತಗಾರರ ಜೀವನಚರಿತ್ರೆಗಳನ್ನು ಓದುವವರಿಗೆ ಒಂದು ವಿಶೇಷವು ತಪ್ಪದೆ ಗೋಚರಿಸುತ್ತದೆ. ಬಾಲ್ಯದಲ್ಲಿ ಮೂಡಿದ ನಾದಪ್ರೇಮ, ಗುರುವಿನ ಮನೆಯಲ್ಲಿ ಪಟ್ಟ ಕಷ್ಟ, ಒಂದು ಮಹಾಸಭೆಯಲ್ಲಿ ಬೆಳಗಿದ ಪ್ರತಿಭೆ, ಅರಮನೆಯ ಮರ್ಯಾದೆ, ಬಿರುದು, ಸನ್ಮಾನ ಇವೆಲ್ಲವೂ ಅವುಗಳಲ್ಲಿ ಸವಿಸ್ತರವಾಗಿ ಬರುತ್ತವೆ. ಆದರೆ ಆ ವಿದ್ವಾಂಸನು ದಿನದಿನದ ಅಕ್ಕಿಬೇಳೆಗೆ ಏನು ಮಾಡಿದನು, ಕಚೇರಿಯಿಲ್ಲದ ತಿಂಗಳುಗಳನ್ನು ಹೇಗೆ ಕಳೆದನು, ಕೇಳಿದ ಸಂಭಾವನೆಯಲ್ಲಿ ಎಷ್ಟು ಕೈಗೆ ಬಂದಿತು, ಅವನ ಸಾಲವನ್ನು ತೀರಿಸಿದವರು ಯಾರು, ಇಂಥ ಸಂಗತಿಗಳು ಬರುವುದಿಲ್ಲ. ಬಂದರೂ ಅಡಿಗೆಮನೆಯ ಹಿಂಬಾಗಿಲಿನಿಂದ ಬಂದವರಂತೆ ನಾಚುತ್ತ ಬಂದು ಹೋಗುತ್ತವೆ. ಈ ಮೌನವು ಗೌರವದಿಂದ ಹುಟ್ಟಿದುದೆಂಬುದು ನಿಜ. ಆದರೆ ಗೌರವದಿಂದ ಹುಟ್ಟಿದುದೆಲ್ಲವೂ ಧರ್ಮವೆ ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಇದು ಬರಿಯ ಗ್ರಂಥಕರ್ತರ ಪ್ರಶ್ನೆಯಲ್ಲ. ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ ಜ್ಞಾನಭಾರತಿಯ ಮಗ್ಗುಲಲ್ಲಿರುವ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ, 2013ರ ಡಿಸೆಂಬರಿನಲ್ಲಿ ರಾಷ್ಟ್ರಕವಿ ಜಿ. ಎಸ್. ಶಿವರುದ್ರಪ್ಪನವರ ಅಂತ್ಯಸಂಸ್ಕಾರವು ನಡೆಯಿತು. ಅವರ ಕವಿತೆಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ಗಾಯಕರ ಕಂಠದಲ್ಲಿ ಕೇಳಿದವರು ಹೆಚ್ಚು. ಕವಿಯ ಮಾತನ್ನು ಮನೆಮನೆಗೆ ಹೊತ್ತು ತಂದ ಆ ಕಂಠಗಳು ಏನನ್ನು ತಿಂದು ಬದುಕಿದುವೆಂದು ಕೇಳುವವರು ವಿರಳ. ಅದೇ ಬಡಾವಣೆಗಳ ಮನೆಗಳಲ್ಲಿ ಇಂದು ಸಂಜೆಯ ಹೊತ್ತು ಮಕ್ಕಳು ಸರಳೆ ಜಂಟಿವರಸೆಗಳನ್ನು ಹಾಡುತ್ತಾರೆ. ಆ ಮಕ್ಕಳಲ್ಲಿ ಒಬ್ಬರು, "ಅಪ್ಪ, ನಾನು ಹಾಡಿಕೊಂಡೇ ಜೀವನ ಮಾಡುತ್ತೇನೆ" ಎಂದ ದಿನ, ಹೆತ್ತವರು ಉತ್ತರಕ್ಕಾಗಿ ಹಿರಿಯರ ಚರಿತ್ರೆಗಳ ಕಡೆಗೆ ತಿರುಗುತ್ತಾರೆ. ಆ ಚರಿತ್ರೆಗಳು ಅರ್ಧವನ್ನು ಮುಚ್ಚಿಟ್ಟಿದ್ದರೆ ಅವರಿಗೆ ದೊರೆಯುವ ಉತ್ತರವೂ ಅರ್ಧವೇ.

ಮೌನದ ಪರವಾಗಿ ಹೇಳಬಹುದಾದ ಮಾತುಗಳನ್ನು ಮೊದಲು ಕೇಳುವುದು ನ್ಯಾಯ. ಸಂಗೀತವು ಈ ದೇಶದಲ್ಲಿ ಉಪಾಸನೆಯೆನಿಸಿದೆ. ಪುರಂದರದಾಸರು ಅಪಾರ ಐಶ್ವರ್ಯವನ್ನು ತ್ಯಜಿಸಿ ಗೋಪಾಳಬುಟ್ಟಿ ಹಿಡಿದರೆಂದೂ, ತ್ಯಾಗರಾಜರು ತಂಜಾವೂರಿನ ಅರಸರ ಕಾಣಿಕೆಯನ್ನು ಒಲ್ಲೆನೆಂದರೆಂದೂ ಪರಂಪರೆಯು ಹೇಳುತ್ತ ಬಂದಿದೆ. ಇಂಥ ಆದರ್ಶವನ್ನು ಮುಂದಿಟ್ಟುಕೊಂಡ ನಾಡಿನಲ್ಲಿ ಗಾಯಕನ ಲೆಕ್ಕದ ಪುಸ್ತಕವನ್ನು ಬಿಚ್ಚುವುದು ದೇವರ ಮುಂದೆ ಜಮಾಖರ್ಚು ಓದಿದಂತೆ ಎಂದು ಕೆಲವರಿಗೆ ತೋರಬಹುದು. ಕಲಾವಿದನಿಂದ ಲೋಕಕ್ಕೆ ಉಳಿಯುವುದು ಅವನ ರಾಗವೇ ಹೊರತು ಅವನ ಬಾಡಿಗೆಯ ರಸೀದಿಯಲ್ಲವೆಂದೂ ಅವರು ಹೇಳಿಯಾರು.

ಈ ಪಕ್ಷಕ್ಕೆ ಕಾಳಿದಾಸನ ಬೆಂಬಲವೂ ಇರುವಂತೆ ತೋರುತ್ತದೆ. ಮಾಳವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ನಾಟ್ಯಾಚಾರ್ಯನಾದ ಗಣದಾಸನು, ಕಲಿತ ವಿದ್ಯೆಯನ್ನು ಹೊಟ್ಟೆಪಾಡಿಗೆ ಮಾತ್ರ ಉಪಯೋಗಿಸುವವನು ಜ್ಞಾನವನ್ನು ಮಾರುವ ವರ್ತಕನಲ್ಲದೆ ಬೇರೆಯಲ್ಲ ಎಂಬ ಅರ್ಥದ ಮಾತನ್ನಾಡುತ್ತಾನೆ. ಈ ಮಾತನ್ನು ಎತ್ತಿ ಹೇಳುವವರು ಬಹುಮಂದಿ. ಆದರೆ ಆ ಸಂದರ್ಭವನ್ನು ಪೂರ್ತಿಯಾಗಿ ನೋಡುವವರು ಕಡಮೆ. ಗಣದಾಸನೇ ಅರಮನೆಯಿಂದ ಸಂಬಳ ಪಡೆಯುತ್ತಿದ್ದವನು. ಇಬ್ಬರು ಆಚಾರ್ಯರಿಗೂ ಸುಮ್ಮನೆ ವೇತನ ಕೊಡುವುದೇಕೆ, ಇವರ ಕಾಳಗವನ್ನು ನೋಡೋಣ ಎಂದು ವಿದೂಷಕನು ಅಲ್ಲೇ ಹಾಸ್ಯಮಾಡುತ್ತಾನೆ. ಹಾಗಾದರೆ ಗಣದಾಸನು ತನ್ನನ್ನೇ ನಿಂದಿಸಿಕೊಂಡನೆ? ಇಲ್ಲ. ಅವನ ಮಾತಿನ ಭಾರವೆಲ್ಲ 'ಮಾತ್ರ' ಎಂಬ ಪದದ ಮೇಲಿದೆ. ವಿದ್ಯೆಯಿಂದ ಅನ್ನ ದೊರೆಯುವುದು ದೋಷವಲ್ಲ. ಅನ್ನವಲ್ಲದೆ ಬೇರೇನನ್ನೂ ವಿದ್ಯೆಯಿಂದ ಬಯಸದಿರುವುದು ದೋಷ. ಹಾಡಿ ಹಣ ಪಡೆಯುವುದು ಬೇರೆ, ಹಣಕ್ಕೆ ತಕ್ಕಷ್ಟೇ ಹಾಡುವುದು ಬೇರೆ.

ಈ ಭೇದವನ್ನು ಬೆಂಗಳೂರು ನಾಗರತ್ನಮ್ಮನವರ ಬಾಳು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. 1878ರಲ್ಲಿ ಹುಟ್ಟಿ ಮೈಸೂರು, ಬೆಂಗಳೂರುಗಳಲ್ಲಿ ಬೆಳೆದು ಮದರಾಸಿನಲ್ಲಿ ಖ್ಯಾತಿ ಪಡೆದ ಈಕೆ ಕಚೇರಿ ಮಾಡಿ ಸಂಪಾದಿಸಿದವರು. ದೇವದಾಸಿಯರ ಕುಲದಲ್ಲಿ ಜನಿಸಿದ ಕಾರಣದಿಂದ ಲೋಕದ ತಿರಸ್ಕಾರವನ್ನೂ ಉಂಡವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯು ಹಾಳುಬಿದ್ದಿದ್ದ ಕಾಲದಲ್ಲಿ ಅಲ್ಲಿ ಗುಡಿಯನ್ನು ಕಟ್ಟಿಸಿದವರು ಇವರೇ. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಅಷ್ಟಾದರೂ ಆರಾಧನೆಯಲ್ಲಿ ಹೆಂಗಸರು ಹಾಡಕೂಡದೆಂಬ ನಿಷೇಧವಿದ್ದುದರಿಂದ ಅವರು ಹೆಂಗಸರ ಆರಾಧನೆಯನ್ನೇ ಬೇರೆಯಾಗಿ ನಡೆಸಬೇಕಾಯಿತು. ಧನವನ್ನು ಒಲ್ಲೆನೆಂದ ಸಂತನ ನೆನಪು ಕಲ್ಲಿನಲ್ಲಿ ನಿಂತುದು, ಧನವನ್ನು ದುಡಿದ ಗಾಯಕಿಯ ಗಳಿಕೆಯಿಂದ. ಆ ಗಳಿಕೆಯನ್ನು ಚರಿತ್ರೆಯಿಂದ ತೆಗೆದುಹಾಕಿದರೆ ಗುಡಿಯು ಆಕಾಶದಿಂದ ಇಳಿದಂತಾಗುತ್ತದೆ. ನಾಗರತ್ನಮ್ಮನವರ ತ್ಯಾಗಕ್ಕೂ ಅರ್ಥವಿಲ್ಲದಂತಾಗುತ್ತದೆ. ದುಡಿದವರು ಮಾತ್ರ ಕೊಡಬಲ್ಲರು.

ಗದಗಿನ ವೀರೇಶ್ವರ ಪುಣ್ಯಾಶ್ರಮದ್ದೂ ಇದೇ ಪಾಠ. ಪಂಚಾಕ್ಷರಿ ಗವಾಯಿಗಳೂ 2010ರಲ್ಲಿ ದೈವಾಧೀನರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಾಗಿದ್ದು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನೂ ಅನ್ನವನ್ನೂ ಕೊಟ್ಟರು. ಆ ಅನ್ನವು ಭಕ್ತರ ಕಾಣಿಕೆಯಿಂದ ಮಾತ್ರ ಬರಲಿಲ್ಲ. ಆಶ್ರಮದ ನಾಟಕ ಮಂಡಳಿಯು ಊರೂರಿಗೆ ಹೋಗಿ ಟಿಕೆಟ್ಟು ಹಚ್ಚಿ ಆಡಿದ ನಾಟಕಗಳಿಂದಲೂ ಬಂದಿತು. ಟಿಕೆಟ್ಟಿನ ಹಣದಿಂದ ದಾಸೋಹವು ನಡೆದುದನ್ನು ಕಂಡ ಮೇಲೂ ಹಣವು ಕಲೆಯನ್ನು ಮುಟ್ಟಿದರೆ ಮೈಲಿಗೆಯೆನ್ನುವುದು ಸಾಧ್ಯವಿಲ್ಲ.

ಇನ್ನು ಮೌನದಿಂದ ಆಗುವ ಹಾನಿಯನ್ನು ನೋಡಬೇಕು. ಮೊದಲನೆಯದಾಗಿ, ಒಬ್ಬರ ಕೀರ್ತಿಗೆ ಬೆಲೆ ತೆತ್ತ ಮತ್ತೊಬ್ಬರು ಮರೆಯಾಗುತ್ತಾರೆ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಕಲಿಯತೊಡಗಿದಾಗ, ತನ್ನ ಹಾಡಿಕೆಯ ನೆರಳು ಅವಳ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ತನ್ನ ಹಾಡಿಕೆಯನ್ನೇ ನಿಲ್ಲಿಸಿದರು. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿಯವರ ಶ್ರಮ ದೊಡ್ಡದು. 2002ರಲ್ಲಿ ಅವರಿಗೆ ಬಂದ ಪದ್ಮವಿಭೂಷಣವು ಯೋಗ್ಯವಾದುದು. ಆದರೆ ಆ ಶ್ರಮದ ಕೆಳಗೆ ಮೌನವಾದ ಒಂದು ಕಂಠವಿದೆ. ಈ ಸಂಗತಿ ತಿಳಿದಿರುವುದು ಅದನ್ನು ಹೇಳಿದವರಿರುವುದರಿಂದ. ಹೇಳದೆ ಹೋದ ಎಷ್ಟು ತಾಯಂದಿರಿದ್ದಾರೆಯೋ, ಎಷ್ಟು ಪಕ್ಕವಾದ್ಯದವರಿದ್ದಾರೆಯೋ!

ಎರಡನೆಯದಾಗಿ, ಗೆದ್ದವರ ಕಥೆಯೊಂದೇ ಉಳಿದು ಅದೇ ನಿಯಮವೆಂಬ ಭ್ರಾಂತಿ ಹುಟ್ಟುತ್ತದೆ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ ಮರುಳಾಗಿ, ಗುರುವನ್ನು ಹುಡುಕಿಕೊಂಡು ಗದಗಿನ ಮನೆಯಿಂದ ಓಡಿಹೋದ ಕಥೆ ಎಲ್ಲರ ಬಾಯಲ್ಲಿದೆ. ಕಥೆಯು ಸುಂದರವಾದುದು, ಸತ್ಯವಾದುದು. ಮಾರಾಟಕ್ಕಾಗಿ ಮಾಡಿದ ತಟ್ಟೆಯೊಂದು ಬಾಲಕನೊಬ್ಬನಿಗೆ ದೀಕ್ಷೆ ಕೊಟ್ಟಿತೆಂಬುದೂ ಅದರಲ್ಲಿದೆ. ಆದರೆ ಹೀಗೆ ಮನೆಬಿಟ್ಟು ಓಡಿಹೋಗಿ ಭೀಮಸೇನರಾಗದೆ ಉಳಿದವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಅವರಲ್ಲಿ ದೋಷವಿತ್ತೆಂದಲ್ಲ, ಅವರ ಕಡೆಗೆ ಬರೆಯುವವರ ದೃಷ್ಟಿ ಹೋಗಲಿಲ್ಲ.

ಗೆದ್ದವರಿಗೂ ಗೆಲವು ಕೊನೆಯವರೆಗೆ ಉಳಿಯುತ್ತದೆಂಬ ಭರವಸೆಯಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಕೊಟ್ಟು, ಭಾರತದ ಗ್ರಾಮಫೋನ್ ಯುಗದ ಮೊದಲ ತಾರೆಯೆನಿಸಿದ ಗೌಹರ್ ಜಾನ್, ತಟ್ಟೆಯ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಸಾರಿ ಹೇಳುತ್ತಿದ್ದಳು. ವೈಭವವು ಕರಗಿದ ಮೇಲೆ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಆ ಊರಿನಲ್ಲಿಯೇ ತೀರಿಕೊಂಡಳು. ಆಕೆಯ ಚರಿತ್ರೆಯನ್ನು ಹೇಳುವವನು ಕಲ್ಕತ್ತೆಯ ಬೆಳಕನ್ನು ವರ್ಣಿಸಿ ಮೈಸೂರಿನ ಸಂಜೆಯನ್ನು ಬಿಟ್ಟರೆ, ಅದು ಚರಿತ್ರೆಯಾಗದೆ ಜಾಹೀರಾತು ಆಗುತ್ತದೆ.

ಇಷ್ಟಕ್ಕೂ ಒಂದು ಆಕ್ಷೇಪ ಉಳಿಯುತ್ತದೆ. ಎಲ್ಲವನ್ನೂ ಹೇಳಬೇಕೆಂದರೆ ಜೀವನಚರಿತ್ರೆಯು ಸಾಲದ ಪಟ್ಟಿಯಾಗಿ, ಮನೆಯ ಜಗಳಗಳ ಕಂತೆಯಾಗಿ ಇಳಿಯಲಾರದೆ? ಇಳಿಯಬಹುದು. ಆದ್ದರಿಂದ ಮಿತಿಯೊಂದು ಬೇಕು. ಯಾವ ಸಂಗತಿಯು ಕಲೆಯು ಹೇಗೆ ಬದುಕಿತೆಂಬುದನ್ನು ತಿಳಿಸುತ್ತದೆಯೋ ಅದನ್ನು ಹೇಳಬೇಕು. ಯಾವುದು ಓದುಗನ ಚಪಲವನ್ನು ಮಾತ್ರ ತಣಿಸುತ್ತದೆಯೋ ಅದನ್ನು ಬಿಡಬೇಕು. ಮಲ್ಲಿಕಾರ್ಜುನ ಮನ್ಸೂರರು ಗ್ರಾಮಫೋನ್ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಧಾರವಾಡದ ಆಕಾಶವಾಣಿಯಲ್ಲಿ ಸಲಹೆಗಾರರಾಗಿಯೂ ದುಡಿದರು. ಶಿವಮೊಗ್ಗ ಸುಬ್ಬಣ್ಣನವರು ವಕೀಲಿಯನ್ನು ಕೈಗೊಂಡಿದ್ದರು. ಸಿ. ಅಶ್ವತ್ಥರು ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯಲ್ಲಿ ದೀರ್ಘಕಾಲ ನೌಕರಿ ಮಾಡಿದರು. ಇವನ್ನು ಹೇಳಿದರೆ ಅವರ ಗಾನದ ಶ್ರುತಿ ಇಳಿಯುವುದಿಲ್ಲ. ಹಗಲು ಕಾರ್ಖಾನೆಯ ಗಂಟೆಗೆ ದುಡಿದ ಮನುಷ್ಯನು ಸಂಜೆ ಕವಿಯ ಮಾತಿಗೆ ಧಾಟಿಯನ್ನು ಹುಡುಕಿದನೆಂದರೆ, ಆ ಧಾಟಿಯ ಮೇಲೆ ಅವನಿಗಿದ್ದ ಪ್ರೀತಿಯೆಷ್ಟೆಂಬುದು ಆಗಲೇ ತಿಳಿಯುತ್ತದೆ.

ವಿದ್ಯಾವಂತರ ಮನೆಗಳಲ್ಲಿ ಈ ವಿಚಾರಕ್ಕೆ ಒಂದು ಪ್ರಯೋಜನವುಂಟು. ಹಾಡಿಕೊಂಡು ಬದುಕುತ್ತೇನೆಂಬ ಮಗುವನ್ನು "ಹೊಟ್ಟೆಗೇನು ಮಾಡುವೆ?" ಎಂದು ಗದರಿಸುವುದು ಹೇಗೆ ತಪ್ಪೋ, "ಕಲಾದೇವಿಯು ಕೈಬಿಡುವುದಿಲ್ಲ" ಎಂದು ಹಾರೈಸಿ ಕಳುಹಿಸುವುದೂ ಹಾಗೆಯೇ ತಪ್ಪು. ಮೊದಲನೆಯದು ಕಲೆಗೆ ಅನ್ಯಾಯ, ಎರಡನೆಯದು ಮಗುವಿಗೆ ಅನ್ಯಾಯ. ಹಿರಿಯರು ಏನನ್ನು ಪಡೆದರು, ಏನನ್ನು ಕಳೆದುಕೊಂಡರು, ಅವರ ಹಿಂದೆ ಯಾರು ನಿಂತಿದ್ದರು ಎಂಬುದನ್ನು ಇದ್ದಂತೆ ಹೇಳಿ, ಆಮೇಲೆ ಆರಿಸಿಕೊಳ್ಳುವ ಭಾರವನ್ನು ಆ ಮಗುವಿಗೆ ಒಪ್ಪಿಸುವುದು ಹಿರಿಯರಾದವರ ಧರ್ಮ. ತಿಳಿದು ಆರಿಸಿಕೊಂಡವನು ಕಷ್ಟ ಬಂದ ದಿನ ಕಲೆಯನ್ನು ಶಪಿಸುವುದಿಲ್ಲ. ಹಾಡಿಗೆ ತಲೆದೂಗುವ ಸಹೃದಯನೂ ಸಂಭಾವನೆ ಕೊಡುವ ಹೊತ್ತಿನಲ್ಲಿ ಕೈ ಹಿಂದೆಗೆಯದೆ ಇದ್ದರೆ, ಮುಂದೆ ಬರೆಯುವವರಿಗೆ ಮುಚ್ಚಿಡಬೇಕಾದ ಸಂಗತಿಗಳೂ ಅಷ್ಟು ಕಡಮೆಯಾಗುವುವು.