ಝುಬೈರರ ಸಾಲ



ಬಡ್ಡಿ ಹರಾಮ್ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಸಾಲ ಹರಾಮಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರಾದ 282ನೆಯದು, ಸಾಲವನ್ನು ಬರೆದಿಡುವ ಕ್ರಮವನ್ನೇ ಕಲಿಸುತ್ತದೆ. ಆದ್ದರಿಂದ, ಇಸ್ಲಾಮಿಕ್ ಬ್ಯಾಂಕೂ ಸಾಲದ ಹಣದಿಂದ ನಡೆಯುತ್ತದೆಯೇ ಎಂದು ಯಾರಾದರೂ ಕೇಳಿದರೆ ತಬ್ಬಿಬ್ಬಾಗಬೇಡಿ. ಹೌದು, ನಡೆಯುತ್ತದೆ. ಗಲ್ಫ್‌ನಲ್ಲಿ ದುಡಿಯುವ ನಿಮ್ಮ ಮಗನ ಸಂಬಳ ಅಂಥ ಬ್ಯಾಂಕಿನ ಚಾಲ್ತಿ ಖಾತೆಗೆ ಬಿದ್ದರೆ, ಆ ಹಣ ಸಾಮಾನ್ಯವಾಗಿ ಅವನು ಬ್ಯಾಂಕಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ, ಅಂದರೆ ಕರ್ಝ್.

ಈ ವಿಷಯದಲ್ಲಿ ಪ್ರವಾದಿಯವರ ಸಹಚರ ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ) ಅವರನ್ನು ನೆನೆಯಿರಿ. ಜನ ತಮ್ಮ ಹಣವನ್ನು ಅವರಲ್ಲಿ ಅಮಾನತ್ತಾಗಿ ಇಡಲು ಬರುತ್ತಿದ್ದರು. ಅವರು ಒಪ್ಪುತ್ತಿರಲಿಲ್ಲ, ಸಾಲವೆಂದರೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಕಾಯುವವನ ತಪ್ಪಿಲ್ಲದೆ ಅಮಾನತ್ತು ಕಳೆದುಹೋದರೆ ಅವನು ಹೊಣೆಯಲ್ಲ. ಸಾಲವಾದರೆ ಏನೇ ಆಗಲಿ, ತೀರಿಸಲೇಬೇಕು. ಜನರ ದುಡ್ಡು ಹಾಳಾಗಬಾರದೆಂದು ಅವರು ಭಾರದ ಹೊಣೆಯನ್ನೇ ಹೊತ್ತರು. ಹಿಜರಿ 36ರಲ್ಲಿ ಅವರು ಹುತಾತ್ಮರಾದಾಗ ಸಾಲ 22 ಲಕ್ಷದಷ್ಟಿತ್ತು. ನಗದು ಇರಲಿಲ್ಲ, ಜಮೀನು ಮನೆಗಳಿದ್ದವು. ಮಗ ಅಬ್ದುಲ್ಲಾ(ರ) ಗಾಬಾ ಎಂಬಲ್ಲಿನ ಜಮೀನು ಮಾರಿ ಸಾಲ ತೀರಿಸಿದರು. ವಾರಸುದಾರರು ಪಾಲು ಕೇಳಿದರೂ, ಸಾಲ ಬರಬೇಕಾದವರು ಬರಲೆಂದು ನಾಲ್ಕು ವರ್ಷ ಹಜ್ಜ್ ಕಾಲದಲ್ಲಿ ಸಾರಿದ ಮೇಲೆಯೇ ಹಂಚಿದರು.

ಇಂದಿನ ಬ್ಯಾಂಕುಗಳನ್ನು ಈ ಅಳತೆಯಲ್ಲೇ ನೋಡಬೇಕು: ನಷ್ಟ ಯಾರ ತಲೆಯ ಮೇಲೆ? ಮುದಾರಬಾ ಎಂಬ ಹೂಡಿಕೆ ಖಾತೆಯಲ್ಲಿ ಲಾಭ ಹಂಚಿಕೆ, ಬ್ಯಾಂಕಿನ ತಪ್ಪಿಲ್ಲದ ನಷ್ಟ ಖಾತೆದಾರರದು. ಇದು ಸಾಲವಲ್ಲ, ಪಾಲುದಾರಿಕೆ. ಆದರೆ ಖಾತೆದಾರರು ಬಿಟ್ಟುಹೋದಾರೆಂಬ ಭಯದಿಂದ ಎಷ್ಟೋ ಬ್ಯಾಂಕುಗಳು ಮೀಸಲು ನಿಧಿಯಿಂದಲೋ ತಮ್ಮ ಪಾಲಿನಿಂದಲೋ ಲಾಭವನ್ನು ಸರಿದೂಗಿಸಿ, ಮಾರುಕಟ್ಟೆಯ ಬಡ್ಡಿದರದ ಪಕ್ಕಕ್ಕೇ ತಂದು ನಿಲ್ಲಿಸುತ್ತವೆ. ಕಾಗದದಲ್ಲಿ ಪಾಲುದಾರಿಕೆ, ನಡೆಯಲ್ಲಿ ನಿಶ್ಚಿತ ಠೇವಣಿ. ಇದು ನನ್ನನ್ನು ಬಹಳ ಕಾಡುತ್ತದೆ. ಇನ್ನೊಂದು ಕಾಗದದ ವ್ಯವಹಾರವೂ ಇದೆ. ಸರಕನ್ನು ಕಣ್ಣಿಂದಲೂ ಕಾಣದೆ ಸಾಲಕ್ಕೆ ಕೊಂಡು ನಗದಿಗೆ ಮಾರುವ ಸಂಘಟಿತ ತವರ್ರುಕ್ ಸಲ್ಲದೆಂದು 2009ರಲ್ಲೇ ಶಾರ್ಜಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಹೇಳಿತು. ಆ ತವರ್ರುಕ್ ಇನ್ನೂ ನಿಂತಿಲ್ಲ.

ಒಳ್ಳೆಯ ದಾರಿಯೂ ಇದೆ. 2012ರಲ್ಲಿ ಅಬುಧಾಬಿ ಇಸ್ಲಾಮಿಕ್ ಬ್ಯಾಂಕ್ 100 ಕೋಟಿ ಡಾಲರಿನ ಮುದಾರಬಾ ಸುಕೂಕ್ (ಹೂಡಿಕೆ ಪತ್ರ) ಹೊರಡಿಸಿತು. ಮರುಪಾವತಿಗೆ ಕೊನೆಯ ದಿನಾಂಕವಿರಲಿಲ್ಲ. ಲಾಭ ಕೊಡದೆ ಬಿಡಲು ಅವಕಾಶವಿತ್ತು. ಆದ್ದರಿಂದ ಅದು ಬ್ಯಾಂಕಿನ ಬಂಡವಾಳವೆಂದೇ ಲೆಕ್ಕಕ್ಕೆ ಬರುತ್ತಿತ್ತು. ಲಾಭ ಬಯಸಿದವರು ಅಪಾಯಕ್ಕೂ ತಲೆಯೊಡ್ಡಿದ್ದರು.

ನಿಮ್ಮ ಮಕ್ಕಳಿಗೆ ಫೋನು ಮಾಡಿದಾಗ ಹೇಳಿ: ಖಾತೆಯ ಅರ್ಜಿಯಲ್ಲಿ ಕರ್ಝ್ ಎಂದಿದೆಯೋ ಮುದಾರಬಾ ಎಂದಿದೆಯೋ ಓದಲಿ, ಮುದಾರಬಾ ಆದರೆ ಕಳೆದ ವರ್ಷಗಳ ಲಾಭವನ್ನು ಮೀಸಲು ನಿಧಿಯಿಂದ ಸರಿದೂಗಿಸಿದ್ದಾರೆಯೇ ಎಂದು ಶಾಖೆಯಲ್ಲಿ ಕೇಳಲಿ, ಉತ್ತರವನ್ನು ಬರಹದಲ್ಲಿ ಪಡೆಯಲಿ.