ಇಂದಿನ ಧಮ್ಮ ಚಿಂತನೆ: ‘ಸಾಕು’ ಅನ್ನಬೇಕಾದವರು ಯಾರು?





ಕಳೆದ ರವಿವಾರ ವಂದನೆ ಮುಗಿದ ಮೇಲೆ ಚಿಕ್ಕೋಡಿಯ ಒಬ್ಬ ತಾಯಿ ಕೇಳಿದರು: “ಸರ್, ತೂಕಾ ಇಳಸಾಕ ಹತ್ತೇನಿ. ಕಡಿಮಿ ಉಂಡ್ರ ರಾತ್ರಿ ಹೊಟ್ಟಿ ಚುರುಗುಡತೈತಿ. ಹೊಟ್ಟಿ ತುಂಬ ಉಂಡ್ರ ಮನಸ್ಸ ಚುರುಗುಡತೈತಿ. ಎಷ್ಟ ಉಣ್ಣಬೇಕ್ರಿ?” ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಮನೆಯದೂ ಹೌದು. ಅದಕ್ಕೆ ಇಂದು ಬರೆಯುತ್ತಿದ್ದೇನೆ.

ಹೋದ ವರ್ಷ ಧಮ್ಮಚಕ್ರ ಪ್ರವರ್ತನ ದಿನದ ನಂತರ ನನಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿಯಿತು. ತೂಕ 88 ಕಿಲೋ. “ಮೊದಲು ಆರೇಳು ಕಿಲೋ ಇಳಿಸಿರಿ, ಆದರೆ ಊಟ ತಪ್ಪಿಸಬೇಡಿರಿ” ಎಂದರು ಡಾಕ್ಟರು. ನಾನು ಅರ್ಧ ಮಾತು ಮಾತ್ರ ಕೇಳಿಸಿಕೊಂಡೆ. ಬೆಳಿಗ್ಗೆ ಬರೀ ಚಾ, ಮಧ್ಯಾಹ್ನ ಒಂದೇ ಭಕ್ರಿ, ರಾತ್ರಿ ಏನೂ ಇಲ್ಲ. ಒಂಬತ್ತನೆಯ ದಿನ ಶಾಲೆಯಲ್ಲಿ ಪಾಠ ಮಾಡುವಾಗ ಕೈ ನಡುಗಿತು, ಮೈಯೆಲ್ಲ ಬೆವೆತಿತು. ಮಕ್ಕಳು ನೀರು ತಂದುಕೊಟ್ಟರು. ಅದೇ ವಾರ ರಾಯಬಾಗದಲ್ಲಿ ಒಂದು ಮನೆಯ ಕಾರ್ಯಕ್ರಮಕ್ಕೆ ಹೋದಾಗ ಐದು ಭಕ್ರಿ, ಮೇಲೆ ಹೋಳಿಗೆ, ಮತ್ತೆ ಅನ್ನ ಉಂಡೆ. ಗಾಡಿ ಹತ್ತಲಿಕ್ಕೂ ಆಗಲಿಲ್ಲ.

ಸಿದ್ಧಾರ್ಥ ಉರುವೇಲದಲ್ಲಿ ದೇಹ ದಂಡಿಸಿದ್ದು ನಮಗೆಲ್ಲ ಗೊತ್ತು. ಎಲುಬು ಕಾಣುವಷ್ಟು ಸೊರಗಿದ ಮೇಲೆ, ಹಸಿದ ದೇಹದಿಂದ ಜ್ಞಾನ ಹುಟ್ಟುವುದಿಲ್ಲ ಎಂದು ತಿಳಿದು ಸುಜಾತೆಯ ಪಾಯಸ ಸ್ವೀಕರಿಸಿದರು. ಅರಮನೆಯ ಭೋಗವನ್ನೂ ಕಂಡಿದ್ದರು, ಉಪವಾಸವನ್ನೂ ಕಂಡಿದ್ದರು. ಎರಡನ್ನೂ ಬಿಟ್ಟದ್ದೇ ಮಧ್ಯಮ ಮಾರ್ಗ. ನಾನು ಒಂದೇ ವಾರದಲ್ಲಿ ಎರಡೂ ತುದಿ ಮುಟ್ಟಿ ಬಂದಿದ್ದೆ, ನಡುವೆ ಮಾತ್ರ ನಿಲ್ಲಲಿಲ್ಲ.

ಸಂಯುತ್ತ ನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಕಥೆ ಇದೆ. ರಾಜ ಒಂದು ಕೊಳಗದಷ್ಟು ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧರ ಬಳಿ ಬಂದ. ಬುದ್ಧರು ಬೈಯಲಿಲ್ಲ, ಉಪವಾಸ ಮಾಡು ಎಂದೂ ಹೇಳಲಿಲ್ಲ. ಎಚ್ಚರದಿಂದಿದ್ದು ಊಟದ ಅಳತೆ ತಿಳಿದವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ಒಂದು ಗಾಥೆ ಹೇಳಿದರು. ರಾಜನ ಹಿಂದೆ ನಿಂತಿದ್ದ ಸುದಸ್ಸನ ಎಂಬ ತರುಣ ಅದನ್ನು ಕಲಿತುಕೊಂಡ. ಪ್ರತಿ ಊಟದ ಹೊತ್ತಿಗೆ ಅದನ್ನು ಹೇಳಬೇಕೆಂದು ರಾಜ ಅವನಿಗೆ ದಿನಕ್ಕೆ ನೂರು ಕಹಾಪಣ ಗೊತ್ತುಮಾಡಿದ. ಅನ್ನ ಒಂದೇ ದಿನಕ್ಕೆ ಇಳಿಯಲಿಲ್ಲ. ಸಾವಕಾಶವಾಗಿ ಒಂದು ನಾಳಿಯ ಅಳತೆಗೆ ಬಂತು. ಮೈ ಹಗುರಾಯಿತು.

ಈ ಗುಣಕ್ಕೆ ಪಾಲಿಯಲ್ಲಿ ‘ಭೋಜನೇ ಮತ್ತಞ್ಞುತಾ’ ಅನ್ನುತ್ತಾರೆ, ಊಟದಲ್ಲಿ ಅಳತೆ ಬಲ್ಲವನಾಗಿರುವುದು. ಅಳತೆ ಬಲ್ಲವನು ಅಂದರೆ ಕಡಿಮೆ ಉಣ್ಣುವವನಲ್ಲ. ತನಗೆ ಎಷ್ಟು ಬೇಕೋ ಅಷ್ಟನ್ನು ಪೂರ್ತಿ ಉಣ್ಣುವವನೂ ಅವನೇ.

ಆದರೆ ಬಂಧುಗಳೇ, ಪಸೇನದಿ ರಾಜ. ಅವನ ಕಣಜ ತುಂಬಿತ್ತು. ನಮ್ಮ ಹಿರಿಯರಿಗೆ ಅಳತೆ ಹಾಕಿದವರು ಬೇರೆಯವರು. ಊರ ಚಾಕರಿ ಮಾಡಿ ಸಂಜೆ ಮನೆಮನೆ ತಿರುಗಿ ತಂದ ತಂಗಳು ಭಕ್ರಿಯೇ ನಮ್ಮ ಅಜ್ಜನ ಕೂಲಿ. ಎಷ್ಟು ಕೊಟ್ಟರೋ ಅಷ್ಟು, ಯಾವಾಗ ಕೊಟ್ಟರೋ ಆವಾಗ. ಸಿಕ್ಕ ದಿನ ಹೊಟ್ಟೆ ಬಿರಿಯ ಉಣ್ಣುವುದು ಆಸೆಬುರುಕತನವಲ್ಲ, ನಾಳೆಯ ಭಯ. 1927ರ ಮಾರ್ಚ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು, ಸತ್ತ ದನದ ಮಾಂಸ ಬಿಡಿರಿ, ಎಸೆದ ತುಣುಕು ತಿನ್ನಬೇಡಿರಿ ಎಂದು ನಮ್ಮ ಜನಕ್ಕೆ ಹೇಳಿದರು. ಹಸಿದವರಿಗೆ ‘ಬೇಡ’ ಅನ್ನಲು ಕಲಿಸಿದರು. ಬೇರೆಯವರ ಅಳತೆಯನ್ನು ನಿರಾಕರಿಸಿದ ‘ಬೇಡ’ ಅದು. ನಮ್ಮ ಅಳತೆಯನ್ನು ನಾವೇ ಹಾಕಿಕೊಳ್ಳುವ ‘ಸಾಕು’ ಅದರ ಮುಂದಿನ ಹೆಜ್ಜೆ ಎಂದು ನನಗೆ ಅನ್ನಿಸುತ್ತದೆ.

ಆ ಅಳತೆ ಹೇಗೆ ಹಾಕಬೇಕು? ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಚಾ. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ. ಅಂದರೆ 50 ಗ್ರಾಂ ಸಕ್ಕರೆ, ಸುಮಾರು 200 ಕ್ಯಾಲರಿ. 60 ಗ್ರಾಂ ಹಿಟ್ಟಿನ ಒಂದು ಜ್ವಾಳದ ಭಕ್ರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಭಕ್ರಿ ಉಂಡರೆ ಹೊಟ್ಟೆಗೆ ತಿಳಿಯುತ್ತದೆ, ಚಾದ ಸಕ್ಕರೆ ಹೊಟ್ಟೆಗೆ ತಿಳಿಯದೆ ಒಳಗೆ ಹೋಗುತ್ತದೆ. ನಮ್ಮದು ಕಬ್ಬಿನ ಸೀಮೆ, ಅಥಣಿ, ಕಾಗವಾಡ, ರಾಯಬಾಗ ಎಲ್ಲಿ ಹೋದರೂ ಸಿಹಿ ಚಾ ಕೊಟ್ಟೇ ಮಾತಾಡಿಸುತ್ತಾರೆ. ನಾನು ಭಕ್ರಿ ಬಿಡುವ ಮೊದಲು ಆ ಸಕ್ಕರೆ ಬಿಡಬೇಕಿತ್ತು.

ಈಗ ಅರ್ಧ ತಾಟಿನಲ್ಲಿ ಪಲ್ಯ, ಮೆಂತೆ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ಇವುಗಳಲ್ಲಿ ನೀರು, ನಾರು ಹೆಚ್ಚು, ಹೊಟ್ಟೆ ತುಂಬುತ್ತದೆ, ಭಾರವಾಗುವುದಿಲ್ಲ. ಜೊತೆಗೆ ಮಡಕಿ ಕಾಳು ಇಲ್ಲವೇ ಬ್ಯಾಳಿ, ಕೆಲವೊಮ್ಮೆ ತತ್ತಿ. ಎರಡು ಭಕ್ರಿ. ಶೇಂಗಾ ಚಟ್ನಿ ಒಂದು ಚಮಚ, ಎಣ್ಣೆ ಅಳೆದು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಹಾಗಾಗಿ ಅವಸರ ಮಾಡುವುದಿಲ್ಲ, ಮೊಬೈಲ್ ದೂರ ಇಡುತ್ತೇನೆ. ಇನ್ನೂ ನಾಲ್ಕೈದು ತುತ್ತಿನ ಜಾಗ ಇರುವಾಗಲೇ ನಿಲ್ಲಿಸಿ ನೀರು ಕುಡಿಯುವ ರೂಢಿಯನ್ನು ಸಾರಿಪುತ್ತ ಥೇರರು ಭಿಕ್ಖುಗಳಿಗೆ ಹೇಳಿದ್ದಾರೆ. ನನಗೂ ಅದೇ ಗುರುತು. ಸಕ್ಕರೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಊಟ ಬದಲಿಸಬೇಡಿರಿ. ಬಾಬಾಸಾಹೇಬರೂ ಈ ಕಾಯಿಲೆಯಿಂದ ನರಳಿದವರು, ಇದನ್ನು ಹಗುರಾಗಿ ಎಣಿಸಬಾರದು.

ತಾಟಿಗಿಂತ ಕಠಿಣವಾದದ್ದು ಅವ್ವನಿಗೆ ‘ಸಾಕು’ ಅನ್ನುವುದು. ಆಕೆಯ ತವರು ಗಡಿಯಾಚೆಯ ಜತ್ತ ತಾಲೂಕು. 1972ರ ಬರಗಾಲದಲ್ಲಿ ಕಲ್ಲು ಒಡೆದು, ಕೆಂಪು ಮಿಲೋ ಜ್ವಾಳ ಉಂಡು ಬದುಕಿದವಳು. ನಾನು ಮೂರನೆಯ ಭಕ್ರಿ ಬೇಡ ಎಂದಾಗ “ಯಾಕೋ ತಮ್ಮಾ, ನನ್ನ ಕೈಯಾಂದ ಸೇರವಲ್ತೇನು?” ಎಂದು ಕಣ್ಣಲ್ಲಿ ನೀರು ತಂದಳು. ನಾನು ಸಿಟ್ಟಾದೆ. ಮರುದಿನ ಅಡುಗೆಮನೆಗೆ ನೀರಿಗೆ ಹೋದಾಗ ನೋಡಿದೆ: ಎಲ್ಲರದೂ ಆದ ಮೇಲೆ ಅವ್ವ ಮತ್ತು ನನ್ನ ಹೆಂಡತಿ ಉಣ್ಣುತ್ತಿದ್ದರು. ಭಕ್ರಿ ಇತ್ತು, ಚಟ್ನಿ ಇತ್ತು. ಪಲ್ಯದ ಬೋಗುಣಿ ಖಾಲಿ. ಕಾಳು ನನ್ನ ತಾಟಿಗೆ ಹೋಗಿತ್ತು.

ನನ್ನ ಪಥ್ಯಕ್ಕೆ ಇವರ ಪಾಲು ಹೋಗುತ್ತಿತ್ತು. ಇಷ್ಟು ವರ್ಷ ನಮ್ಮ ಮನೆಯ ಹೆಂಗಸರೂ ಉಳಿದದ್ದನ್ನೇ ಉಣ್ಣುತ್ತಿದ್ದರು, ಅಳತೆ ಹಾಕಿದವನು ನಾನು. ಅಜ್ಜನ ತಂಗಳು ಭಕ್ರಿಯ ನೋವನ್ನು ಭಾಷಣದಲ್ಲಿ ಹೇಳುವ ನನಗೆ ಇದು ಕಾಣಿಸಿರಲಿಲ್ಲ.

ಈಗ ರಾತ್ರಿ ಎಲ್ಲರೂ ಕೂಡಿ ಕೂಡುತ್ತೇವೆ. ಪಲ್ಯ, ಕಾಳು ಮೊದಲೇ ಐದು ತಾಟಿಗೆ ಹಂಚುತ್ತೇವೆ. ಅವ್ವನೇ ನನ್ನ ಸುದಸ್ಸನ. ಎರಡನೆಯ ಭಕ್ರಿ ಮುಗಿದಾಗ “ಸಾಕೇನೋ?” ಅನ್ನುತ್ತಾಳೆ. ನಾನು “ಸಾಕವ್ವ, ಛಲೋ ಆತು. ನಿನಗ ಸಾಕಾತೇನು?” ಅನ್ನುತ್ತೇನೆ. ಐದು ತಿಂಗಳಲ್ಲಿ ಐದೂವರೆ ಕಿಲೋ ಇಳಿದಿದೆ. ಅವ್ವ ಎರಡು ಕಿಲೋ ಹೆಚ್ಚಾಗಿದ್ದಾಳೆ. ಎರಡೂ ಒಳ್ಳೆಯ ಸುದ್ದಿ ಎಂದರು ಡಾಕ್ಟರು.

ಆ ತಾಯಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ರಾತ್ರಿ ಹಸಿವು ಎಬ್ಬಿಸದಷ್ಟು, ಎದ್ದಾಗ ಮೈ ಭಾರವಾಗದಷ್ಟು ಉಣ್ಣಿರಿ. ಎಲ್ಲರೂ ಉಣ್ಣುವಾಗಲೇ ಉಣ್ಣಿರಿ, ಉಳಿದದ್ದಕ್ಕೆ ಕಾಯಬೇಡಿರಿ.

ಇಂದಿನ ಅಭ್ಯಾಸ: ರಾತ್ರಿ ಊಟದಲ್ಲಿ ‘ಸಾಕು’ ಅನ್ನುವ ಮೊದಲು ಒಮ್ಮೆ ಪಕ್ಕದ ತಾಟು ನೋಡಿರಿ.

ಭವತು ಸಬ್ಬ ಮಂಗಲಂ. ಜೈ ಭೀಮ್.