ಪುಸ್ತಕಗಳನ್ನು ನಿಷೇಧಿಸುವದು ಯುಕ್ತವೋ?

ನಮ್ಮ ವಿಶ್ವಾಸಕ್ಕೆ ವಿರೋಧವಾದ ಪುಸ್ತಕಗಳನ್ನು ನಮ್ಮವರು ಓದಬಹುದೋ, ಓದಬಾರದೋ, ಅಂಥವುಗಳನ್ನು ಮನೆಯಿಂದಲೂ ಊರಿಂದಲೂ ತೆಗೆದುಹಾಕಿಸುವ ಅಧಿಕಾರವು ಹಿರಿಯರಿಗೆ ಉಂಟೋ ಎಂಬ ಪ್ರಶ್ನೆಯು ಸಭೆಗಳಲ್ಲಿ ಆಗಾಗ್ಗೆ ಹುಟ್ಟುವದುಂಟು. ಓದುಬರಹ ಬಲ್ಲ ಮಗನು ಇಂಥದೊಂದು ಪುಸ್ತಕವನ್ನು ಮನೆಗೆ ತಂದರೆ ತಂದೆತಾಯಿಗಳ ಎದೆ ನಡುಗುತ್ತದೆ. ಒಲೆಯು ಹತ್ತಿರದಲ್ಲಿಯೇ ಇರುವದು. ಅದರೊಳಗೆ ಹಾಕಿಬಿಟ್ಟರೆ ಕೇಡು ತೀರಿತೆಂದು ಅವರಿಗೆ ತೋರುವದು.

ಹಾಗೆ ಮಾಡುವವರು ಅಪೊಸ್ತಲರ ಕೃತ್ಯಗಳ ಹತ್ತೊಂಭತ್ತನೆಯ ಅಧ್ಯಾಯವನ್ನು ಆಧಾರವಾಗಿ ತೋರಿಸುತ್ತಾರೆ. ಎಫೆಸದಲ್ಲಿ ಮಾಟಮಂತ್ರಗಳನ್ನು ನಡಿಸುತ್ತಿದ್ದವರು ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟರಲ್ಲವೇ, ಅವುಗಳ ಬೆಲೆ 50,000 ಬೆಳ್ಳಿ ನಾಣ್ಯಗಳಾಗಿತ್ತಲ್ಲವೇ ಎಂದು ಕೇಳುತ್ತಾರೆ. ಸತ್ಯವೇ. ಆದರೆ ಪ್ರಿಯರೇ, ಆ ಪುಸ್ತಕಗಳು ಯಾರವು? ಸುಟ್ಟವರವೇ. ಪೌಲನು ಮನೆಮನೆಗೆ ಹೊಕ್ಕು ಪೆಟ್ಟಿಗೆಗಳನ್ನು ಶೋಧಿಸಿದನೆಂದು ಅಲ್ಲಿ ಬರೆದಿರುವದಿಲ್ಲ.

ಇನ್ನೊಂದು ಬೆಂಕಿಯ ವೃತ್ತಾಂತವು ಯೆರೆಮೀಯನ ಗ್ರಂಥದ ಮೂವತ್ತಾರನೆಯ ಅಧ್ಯಾಯದಲ್ಲಿದೆ. ಅರಸನಾದ ಯೆಹೋಯಾಕೀಮನು ಚಳಿಗಾಲದ ಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದನು. ಪ್ರವಾದಿಯ ಬಾಯಿಂದ ಬಾರೂಕನು ಬರೆದ ಸುರುಳಿಯನ್ನು ಮೂರು ನಾಲ್ಕು ಅಂಕಣ ಓದಿಸುವಷ್ಟರಲ್ಲಿಯೇ ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿದನು. ಮುಂದೆ ಆದದ್ದೇನು? ಅದೇ ಮಾತುಗಳು ಎರಡನೆಯ ಸುರುಳಿಯಲ್ಲಿ ಬರೆಯಲ್ಪಟ್ಟವು. ಅವುಗಳೊಂದಿಗೆ ಇನ್ನೂ ಅನೇಕ ಮಾತುಗಳು ಸೇರಿದವು. ತನ್ನ ಪುಸ್ತಕವನ್ನು ತಾನೇ ತ್ಯಜಿಸುವವನಲ್ಲಿ ಮಾನಸಾಂತರವಿದೆ. ಇನ್ನೊಬ್ಬನ ಕೈಯಿಂದ ಕಿತ್ತು ಸುಡುವವನಲ್ಲಿ ಬಲವೂ, ಅನೇಕಾವರ್ತಿ ಭಯವೂ ಇರುತ್ತವೆ. ಈ ಎರಡು ಬೆಂಕಿಗಳನ್ನು ಒಂದೇ ಎಂದು ಎಣಿಸುವದರಿಂದಲೇ ನಮ್ಮಲ್ಲಿ ಬಹಳ ಗಲಿಬಿಲಿಯಾಗುತ್ತದೆ.

ನಮ್ಮ ಮನೆಗಳಲ್ಲಿರುವ ಸತ್ಯವೇದವು ಸಹ ಒಂದು ಕಾಲದಲ್ಲಿ ನಿಷಿದ್ಧ ಪುಸ್ತಕವಾಗಿತ್ತೆಂಬದನ್ನು ನಾವು ಮರೆಯಬಾರದು. ಇಂಗ್ಲೆಂಡ್ ದೇಶದ ವಿಲಿಯಂ ಟಿಂಡೇಲ್ ಎಂಬ ವಿದ್ವಾಂಸನು ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ತನ್ನ ಜನರ ಭಾಷೆಗೆ ತಿರುಗಿಸಿ, 1526ರಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅಚ್ಚುಹಾಕಿಸಿದನು. ಬಟ್ಟೆಯ ಮೂಟೆಗಳೊಳಗೆ ಅಡಗಿಸಿ ಅವುಗಳನ್ನು ಸಮುದ್ರ ದಾಟಿಸಿದರು. ಲಂಡನಿನ ಬಿಷಪನಾದ ಟನ್‌ಸ್ಟಾಲನು ಸಿಕ್ಕಿದವುಗಳನ್ನು ಸುಡಿಸಿದನು. ಸಾಲದೆಂದು ಆಂಟ್‌ವರ್ಪಿನಲ್ಲಿ ಒಬ್ಬ ವರ್ತಕನ ಮೂಲಕ ಪುಸ್ತಕಗಳನ್ನು ಕ್ರಯಕ್ಕೆ ಕೊಂಡು ಸುಡಿಸಲು, ಆ ಹಣದಿಂದಲೇ ಟಿಂಡೇಲನು ತಿದ್ದಿದ ಹೊಸ ಮುದ್ರಣಕ್ಕೆ ತೊಡಗಿದನೆಂದು ಹಾಲ್ ಎಂಬ ಆ ಕಾಲದ ಚರಿತ್ರಕಾರನು ಬರೆದಿದ್ದಾನೆ. 1535ರಲ್ಲಿ ಟಿಂಡೇಲನು ಹಿಡಿಯಲ್ಪಟ್ಟನು. 1536ರಲ್ಲಿ ಅವನನ್ನು ಕುತ್ತಿಗೆ ಬಿಗಿದು ಕೊಂದು ಸುಟ್ಟರು. ಮೂರೇ ವರುಷಗಳ ತರುವಾಯ ಅರಸನ ಅಪ್ಪಣೆಯಿಂದ ಪ್ರಕಟವಾಗಿ ದೇವಾಲಯಗಳಲ್ಲಿ ಇಡಲ್ಪಟ್ಟ ದೊಡ್ಡ ಬೈಬಲಿನಲ್ಲಿ ಬಹುಭಾಗವು ಈ ಟಿಂಡೇಲನ ಕೆಲಸವೇ ಆಗಿತ್ತು.

ಇಷ್ಟಾದರೂ ಭಯವು ಹೋಗಲಿಲ್ಲ. 1543ರಲ್ಲಿ ಎಂಟನೆಯ ಹೆನ್ರಿಯ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ಪ್ರಭುಗಳೂ ದೊಡ್ಡ ಮನೆತನದವರೂ ವರ್ತಕರೂ ಇಂಗ್ಲಿಷ್ ಸತ್ಯವೇದವನ್ನು ಓದಬಹುದು. ಒಕ್ಕಲಿಗರು, ಕೂಲಿಗಳು, ಕೈಕಸಬಿನವರು, ಆಳುಗಳು, ಸಾಮಾನ್ಯ ಸ್ತ್ರೀಯರು ಓದಕೂಡದು. ಈ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿರಿ. ನಮ್ಮ ಸಭೆಗಳಲ್ಲಿ ಕೂಡಿಬರುವವರು ಯಾರು? ಆ ಕಾಯಿದೆಯು ಇಲ್ಲಿ ನಡೆದಿದ್ದರೆ ಆದಿತ್ಯವಾರದಲ್ಲಿ ಪುಸ್ತಕ ತೆರೆಯತಕ್ಕವರು ನಮ್ಮೊಳಗೆ ಎಷ್ಟು ಮಂದಿ ಉಳಿಯುತ್ತಿದ್ದರು? ಮೇಲ್ಜಾತಿಯವರು ಶಾಸ್ತ್ರಗಳನ್ನು ನಮ್ಮ ಪಿತೃಗಳ ಕಿವಿಗೆ ಬೀಳಗೊಡಲಿಲ್ಲವೆಂದು ನಾವು ದುಃಖದಿಂದ ಹೇಳಿಕೊಳ್ಳುತ್ತೇವೆ. ಕ್ರೈಸ್ತ ದೇಶವೆನಿಸಿಕೊಂಡ ದೇಶದಲ್ಲಿಯೂ ಹಾಗೆಯೇ ನಡೆಯಿತು.

ಆ ಕಾಯಿದೆಯ ಕಾಲದಲ್ಲಿ, 1546ರಲ್ಲಿ, ಸೇಂಟ್‌ಬರಿ ಗುಡ್ಡದ ಮೇಲೆ ರಾಬರ್ಟ್ ವಿಲಿಯಮ್ಸ್ ಎಂಬ ಒಬ್ಬ ಕುರುಬನು ಕುರಿ ಕಾಯುತ್ತಿದ್ದನು. ಅವನು ಕೊಂಡ ಬೇರೊಂದು ಪುಸ್ತಕದ ಹಾಳೆಯ ಮೇಲೆ ಸ್ವಂತ ಕೈಯಿಂದ ಬರೆದದ್ದು ಉಳಿದುಬಂದಿದೆ. ಕುರುಬರು ಓದದಂತೆ ಹೊಸ ಒಡಂಬಡಿಕೆಯನ್ನು ನಿಷೇಧಿಸಿದ ಕಾಲದಲ್ಲಿ ತಾನು ಈ ಪುಸ್ತಕವನ್ನು ಕೊಂಡೆನೆಂದೂ, ಆ ಕುರುಡುತನವನ್ನು ದೇವರು ಸರಿಪಡಿಸಬೇಕೆಂದು ಬೇಡುತ್ತೇನೆಂದೂ ಅದರ ತಾತ್ಪರ್ಯ. ಅವನು ಯಾರನ್ನೂ ದೂಷಿಸಲಿಲ್ಲ. ಮರುವರುಷವೇ ಹೆನ್ರಿಯು ಸತ್ತನು. ಆ ಕಾಯಿದೆಯೂ ರದ್ದಾಯಿತು.

ರೋಮನ್ ಸಭೆಯವರು ಮಾತ್ರ ಹೀಗೆ ಮಾಡಿದರೆಂದು ಯಾರಾದರೂ ಹೇಳುವದಾದರೆ ಅವರು ಜಿನೀವಾ ಪಟ್ಟಣದ ಸಂಗತಿಯನ್ನು ಓದಲಿ. ಸರ್ವೇಟಸ್ ಎಂಬ ಸ್ಪೇನ್ ದೇಶದ ವೈದ್ಯನು ತ್ರಯೇಕತ್ವದ ಉಪದೇಶವನ್ನು ಅಲ್ಲಗಳೆದು ಪುಸ್ತಕ ಬರೆದನು. 1553ನೇ ಅಕ್ಟೋಬರ್ 27ರಲ್ಲಿ ನಮ್ಮ ಪ್ರಾಟೆಸ್ಟಂಟರೇ ಅವನನ್ನು ಅವನ ಪುಸ್ತಕದೊಂದಿಗೆ ಜೀವಸಹಿತ ಸುಟ್ಟರು. ಕಾಲ್ವಿನನು ಅವನಿಗೆ ವಿರೋಧವಾಗಿ ಸಾಕ್ಷಿ ಕೊಟ್ಟಿದ್ದನು. ಅವನ ಉಪದೇಶವು ತಪ್ಪೆಂದು ನಾನು ನಂಬುತ್ತೇನೆ. ಆದರೆ ಅದೇ ಪುಸ್ತಕದಲ್ಲಿ, ರಕ್ತವು ಹೃದಯದ ಒಂದು ಪಾರ್ಶ್ವದಿಂದ ಶ್ವಾಸಕೋಶಗಳ ಮೂಲಕ ಮತ್ತೊಂದು ಪಾರ್ಶ್ವಕ್ಕೆ ಬರುತ್ತದೆಂಬ ಸತ್ಯವೂ ಬರೆದಿತ್ತು. ಸುಟ್ಟವರು ಅದನ್ನೂ ಸುಟ್ಟರು. ಉಳಿದವು ಮೂರೇ ಪ್ರತಿಗಳು. 1903ರಲ್ಲಿ ಕಾಲ್ವಿನನ ಮತಾನುಸಾರಿಗಳೇ ಆ ಸ್ಥಳದಲ್ಲಿ ಒಂದು ಕಲ್ಲನ್ನು ನಿಲ್ಲಿಸಿ, ಆ ಕಾರ್ಯವು ತಪ್ಪಾಗಿತ್ತೆಂದು ಅದರ ಮೇಲೆ ಕೊರೆಯಿಸಿದರು. ಕವಿಯಾದ ಮಿಲ್ಟನನು ಸಹ 1644ರಲ್ಲಿ ಅಪ್ಪಣೆಯಿಲ್ಲದೆ ಅಚ್ಚುಹಾಕುವ ಸ್ವಾತಂತ್ರ್ಯಕ್ಕಾಗಿ ವಾದಿಸಿದಾಗ, ರೋಮನ್ ಸಭೆಯವರಿಗೆ ಅದನ್ನು ಕೊಡಲು ಒಪ್ಪಲಿಲ್ಲ. ತನಗೆ ಬೇಕಾದ ಸ್ವಾತಂತ್ರ್ಯವನ್ನು ನೆರೆಯವನಿಗೆ ಕೊಡುವದು ಅಷ್ಟು ಕಷ್ಟ.

ನಮ್ಮ ಕನ್ನಡ ನಾಡಿನ ಮಿಶನ್ ಚರಿತ್ರೆಯಲ್ಲಿ ಮಾತ್ರ ಒಂದು ಒಳ್ಳೇ ಮಾದರಿಯುಂಟು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ದೊರೆಗಳು, 1848ರಿಂದ ಮಂಗಳೂರಿನ ಕಲ್ಲಚ್ಚಿನಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವುಗಳನ್ನು ಮುದ್ರಿಸಿದರು. ಸುವಾರ್ತೆಯನ್ನು ಸಾರುವದಕ್ಕೆ ಬಂದ ಅವರು ಇತರರ ಗ್ರಂಥಗಳಿಗೆ ಅಂಜಲಿಲ್ಲ.

ವಿಷವನ್ನು ಮಕ್ಕಳ ಕೈಗೆ ಕೊಡಬಹುದೋ ಎಂದು ಕೇಳುವವರಿಗೆ ಉತ್ತರ ಹೇಳಬೇಕು. ಚಿಕ್ಕ ಮಕ್ಕಳ ಓದನ್ನು ತಂದೆತಾಯಿಗಳು ನೋಡಿಕೊಳ್ಳತಕ್ಕದ್ದೇ. ನೆರೆಯವನ ಮೇಲೆ ಸುಳ್ಳು ಅಪವಾದ ಹೊರಿಸುವ, ಜನರನ್ನು ಹೊಡೆದಾಟಕ್ಕೆ ಎಬ್ಬಿಸುವ ಬರಹವನ್ನು ನ್ಯಾಯಸ್ಥಾನವು ವಿಚಾರಿಸಬಹುದು. ಆದರೆ ಪ್ರಾಯಕ್ಕೆ ಬಂದ ವಿಶ್ವಾಸಿಯು ನಮ್ಮ ಉಪದೇಶವನ್ನು ಪ್ರಶ್ನಿಸುವ ಪುಸ್ತಕವನ್ನು ಓದುವದು ಬೇರೆ ವಿಷಯ. ಬೆರೋಯದವರು ಪೌಲನ ಮಾತನ್ನು ಸಹ ಹಾಗೆಯೇ ಒಪ್ಪಿಕೊಳ್ಳದೆ ಪ್ರತಿದಿನ ಶಾಸ್ತ್ರದಲ್ಲಿ ವಿಚಾರಿಸಿದರು. ಅದಕ್ಕಾಗಿ ಅವರಿಗೆ ಹೊಗಳಿಕೆಯೇ ಬಂತು.

ಆದಕಾರಣ ಹುಡುಗನು ಅಂಥ ಪುಸ್ತಕವನ್ನು ತಂದಾಗ, ಸಭೆಯ ಹಿರಿಯನು ಎರಡು ದಿವಸದ ಮಟ್ಟಿಗೆ ಅದನ್ನು ಕೇಳಿ ತೆಗೆದುಕೊಂಡು ತಾನೂ ಓದಲಿ. ತರುವಾಯ ಅವನ ಸಂಗಡ ಜಗಲಿಯ ಮೇಲೆ ಕೂತು, ಅವನ ಸಂಶಯವೇನೆಂದು ಪೂರಾ ಕೇಳಲಿ. ಉತ್ತರ ತಿಳಿದಿದ್ದರೆ ಹೇಳಲಿ. ತಿಳಿಯದಿದ್ದರೆ, ಬಲ್ಲವರನ್ನು ವಿಚಾರಿಸಿ ಬರುವ ಆದಿತ್ಯವಾರ ತಿಳಿಸುತ್ತೇನೆಂದು ಹೇಳಿ ಹಾಗೆಯೇ ಮಾಡಲಿ. ಪುಸ್ತಕವನ್ನು ಮಾತ್ರ ಹುಡುಗನಿಗೆ ತಿರುಗಿ ಕೊಡತಕ್ಕದ್ದು.